ಸಿಂಗಣ್ಣನ ಕೇರಿಗೆ ಆ ಹೆಸರು ಬಂದ ಬಗೆ

ಕೋಟೆ ಬಾಗಿಲಿನಿಂದ ದೊಡ್ಡಪೇಟೆಯ ಕಡೆ ನಡೆದರೆ, ಪಾತ್ರೆ ಅಂಗಡಿಗಳ ಸಾಲು ಮುಗಿದ ಕೂಡಲೇ ಎಡಕ್ಕೆ ತಿರುಗುವ ಇಕ್ಕಟ್ಟಾದ ಬೀದಿಯೇ ಸಿಂಗಣ್ಣನ ಕೇರಿ. ಎದುರುಬದುರು ಎರಡು ಆಟೋ ಬಂದರೆ ಒಂದು ಹಿಂದಕ್ಕೆ ಹೋಗಲೇಬೇಕು. ಯಾವುದು ಹೋಗಬೇಕೆಂಬ ಜಗಳವನ್ನು ಮಹಡಿಯ ಮೇಲಿನವರು ಕಾಫಿ ಕುಡಿಯುತ್ತ ನೋಡುತ್ತಾರೆ. ಮನೆಮನೆಯಲ್ಲಿ ಮಗ್ಗವಿದ್ದ ಕಾಲ ಹೋಗಿ ಈಗ ಝೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ, ರವಿಕೆ ಹೊಲಿಯುವವರು ಬಂದಿದ್ದಾರೆ. ಕೇರಿಯ ಕೊನೆಯಲ್ಲಿ ಮಾತ್ರ ಒಂದು ಹಳೆಯ ಜಗಲಿ, ಅದರ ಬದಿಗೆ ಮಸಿ ಹಿಡಿದ ಮೂರು ಒಲೆಗಲ್ಲು ಉಳಿದಿವೆ. ದೀಪಾವಳಿ ಕಳೆದ ಮೊದಲ ಭಾನುವಾರ ಕೇರಿಯವರು ಎರಡೂ ತುದಿಗೆ ಹಗ್ಗ ಕಟ್ಟಿ, ಜಮಖಾನ ಹಾಸಿ, ಆ ಜಗಲಿಯ ಮುಂದೆ ಕೂರುತ್ತಾರೆ. ಅವರವರ ಮನೆಯ ಕಥೆಯನ್ನು ಅವರವರೇ ಹೇಳಬೇಕು. ಕಾಲೇಜಿನ ಹುಡುಗರು ಬಂದು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಹೊರಗಿನಿಂದ ಬಂದವರು ಮೊದಲು ಕೇಳುವುದು ಒಂದೇ ಮಾತು: ಈ ಸಿಂಗಣ್ಣ ಯಾರು, ಪಾಳೆಯಗಾರನೋ, ಕೆರೆ ಕಟ್ಟಿಸಿದ ಸಾಹುಕಾರನೋ? ಕೇರಿಯವರಿಗೆ ಈ ಪ್ರಶ್ನೆ ಕೇಳಿದರೆ ಒಳಗೊಳಗೇ ನಗು.

ಹಿಂದೆ ಒಮ್ಮೆ, ಬೆಂಕಿಪೊಟ್ಟಣವೆಂಬುದು ಇನ್ನೂ ಈ ಪೇಟೆಯನ್ನು ಕಾಣದಿದ್ದಾಗ, ಇದಕ್ಕೆ ನೇಕಾರರ ಕೊನೆ ಕೇರಿ ಎಂದಷ್ಟೇ ಹೆಸರಿತ್ತಂತೆ. ಆ ಜಗಲಿಯ ಮನೆಯಲ್ಲಿ ಹೊನ್ನಾಜಮ್ಮ ಎಂಬ ವಿಧವೆ ಒಬ್ಬಳೇ ಇದ್ದಳು. ನೂಲಿಗೆ ಬಣ್ಣ ಕಟ್ಟುವುದು, ಗಂಜಿ ಹಾಕುವುದು ಅವಳ ಕಸುಬು. ಹಾಗಾಗಿ ಅವಳ ಹೊರಒಲೆ ಆರಿದ್ದೇ ಇಲ್ಲ. ಬೆಳಗಾದರೆ ಕೇರಿಯ ಹೆಂಗಸರೆಲ್ಲ ಒಡೆದ ಮಡಕೆಯ ಚೂರು ಹಿಡಿದು ಕೆಂಡಕ್ಕಾಗಿ ಅಲ್ಲಿಗೇ ಬರುತ್ತಿದ್ದರು. ಬೆಂಕಿಗೆ ಬಂದವರು ಬರಿಗೈಯಲ್ಲಿ ಬರಬಾರದೆಂದು ಅವರು ಒಂದು ಬೆರಣಿ ತಂದು ಒಲೆಗೆ ಹಾಕುವುದು ವಾಡಿಕೆ. ಹೊನ್ನಾಜಮ್ಮ ಅದರ ಜೊತೆಗೆ ಇನ್ನೊಂದು ಸುಂಕ ಸೇರಿಸಿದಳು: ಬೆರಣಿಯ ಸಂಗಡ ಮನೆಯದೊಂದು ಮಾತನ್ನೂ ಕೊಡಬೇಕು. ಯಾರಿಗೆ ದಿನ ತುಂಬಿತು, ಯಾರ ಸೀರೆ ಅರಮನೆಗೆ ಹೋಯಿತು, ಯಾರು ಯಾರ ಮೇಲೆ ಮುನಿಸಿಕೊಂಡರು, ಎಲ್ಲವೂ ಅಲ್ಲಿಗೆ ಬಂದು ಬೀಳುತ್ತಿತ್ತು. ಆಕೆ ಒಬ್ಬರ ಮಾತನ್ನು ಇನ್ನೊಬ್ಬರ ಮನೆ ಮುರಿಯಲು ಬಳಸಿದವಳಲ್ಲ. ಆದರೆ ತಾತ ಸತ್ತ ಮೇಲೆ ಹುಟ್ಟಿದ ಮೊಮ್ಮಗನಿಗೆ ಆ ತಾತ ಹೇಗೆ ನಗುತ್ತಿದ್ದನೆಂದು ನಕ್ಕು ತೋರಿಸುವಷ್ಟು ಅವಳಿಗೆ ಎಲ್ಲವೂ ನೆನಪಿತ್ತು ಎನ್ನುತ್ತಾರೆ.

ಚೌಡಕ್ಕ ಆ ಕೇರಿಗೆ ಸೊಸೆಯಾಗಿ ಬಂದ ಮಾರನೆಯ ಬೆಳಿಗ್ಗೆ ಅತ್ತೆ ಅವಳ ಕೈಗೆ ಬೆರಣಿ ಕೊಟ್ಟು ಕೆಂಡ ತರಲು ಅಟ್ಟಿದಳು. ಬೆರಣಿಯೇನೋ ಇತ್ತು. ಕೊಡುವುದಕ್ಕೆ ಮಾತೇ ಇರಲಿಲ್ಲ. ಗಂಡನ ಮುಖವನ್ನೇ ಸರಿಯಾಗಿ ನೋಡಿರದ ಹುಡುಗಿ ಆ ಮನೆಯ ಸುದ್ದಿ ಏನೆಂದು ಹೇಳಿಯಾಳು? ಒಲೆಯ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ಹೊನ್ನಾಜಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆರಗಿನಿಂದ ಮುಖ ಒರೆಸಿದಳು. “ನಿನ್ ತಾವ ಇಲ್ದೇ ಇದ್ರೆ ನಾನೇ ಒಂದು ಕೊಡ್ತೀನಿ ಬಾ ಮಗಾ. ಇದ್ನ ಯಾರೂ ನನ್ನ ಕೇಳ್ಳಿಲ್ಲ, ನಾನೂ ಯಾರ್ಗೂ ಹೇಳ್ಳಿಲ್ಲ” ಎಂದಳು. ಹೊನ್ನಾಜಮ್ಮನಿಗೂ ಹಿಂದೆ ಒಂದು ಗಂಡುಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಅದು ಹೋಯಿತು. ಹೆಸರಿಡದ ಮಗುವಿಗೆ ಲೆಕ್ಕವಿಲ್ಲ, ಅತ್ತರೂ ಬಾಯಿ ಮುಚ್ಚಿಕೊಂಡು ಅಳಬೇಕು. ಆದರೆ ಹಾಲೂಡುವಾಗ ತಾಯಿ ಅದರ ಕಿವಿಯಲ್ಲಿ ತನ್ನ ಅಪ್ಪನ ಹೆಸರನ್ನು ಹೇಳಿಬಿಟ್ಟಿದ್ದಳು: ಸಿಂಗಣ್ಣ. ಅಂದಿನಿಂದ ದಿನವೂ ಒಲೆ ಊದುವ ಮುಂಚೆ ಅವಳು ಆ ಹೆಸರನ್ನು ಒಮ್ಮೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳಂತೆ. ಚೌಡಕ್ಕ ಆ ಮಾತನ್ನು ಎದೆಯಲ್ಲಿಟ್ಟುಕೊಂಡು, ಕೆಂಡ ಹಿಡಿದು ಮನೆಗೆ ಹೋದಳು.

ವರ್ಷಗಳು ಉರುಳಿದವು. ಚೌಡಕ್ಕ ಮಗಳನ್ನು ಹೆತ್ತು, ಬೆಳೆಸಿ, ಮದುವೆ ಮಾಡಿ ಕೊಟ್ಟಳು. ಹೊನ್ನಾಜಮ್ಮನನ್ನು ಈಗ ಎಲ್ಲರೂ ಕೆಂಡದಜ್ಜಿ ಎನ್ನುತ್ತಿದ್ದರು. ಅವಳ ಹಳೆಯ ಓರಗೆಯವರು ಒಬ್ಬರೂ ಉಳಿದಿರಲಿಲ್ಲ. ಹೀಗಿರುವಾಗ ಅಜ್ಜಿಗೆ ಮರೆವು ಬಂತು. ಮೊದಲು ನೂಲಿನ ಬಣ್ಣ ತಪ್ಪಿತು, ಆಮೇಲೆ ಉಂಡೆನೋ ಇಲ್ಲವೋ ಎಂಬುದು ತಪ್ಪಿತು, ಕೊನೆಗೆ ಕೇರಿಯವರ ಮುಖಗಳೇ ಅಳಿಸಿಹೋದವು. ಕೇರಿಯವರು ಕೈಬಿಡಲಿಲ್ಲ. ಸರದಿಯ ಮೇಲೆ ಗಂಜಿ ತಂದರು, ಒಲೆ ಕಾದರು, ಅವಳು ಹೇಳುತ್ತಿದ್ದ ಕಥೆಗಳನ್ನು ಅವಳಿಗೇ ಹೇಳಿ ನಗಿಸಿದರು. ಆದರೆ ಅಜ್ಜಿ ಎಲ್ಲವನ್ನೂ ಕೇಳಿ, ಹೋಗುವವರ ಸೆರಗು ಹಿಡಿದು, “ಅದಿರ್ಲಿ ಕಣವ್ವಾ, ನನ್ ಮಗನ್ ಹೆಸ್ರೇನು?” ಎನ್ನುತ್ತಿದ್ದಳು. ಅಜ್ಜಿಗೆ ಮಕ್ಕಳೇ ಇರಲಿಲ್ಲವಲ್ಲ, ಅರಳುಮರಳು ಎಂದು ಜನ ಮರುಗಿದರು. ಪುಣ್ಯಾತಗಿತ್ತಿಯೊಬ್ಬಳು ಸಮಾಧಾನವಾಗಲೆಂದು “ರಂಗಪ್ಪ ಅಂತ ಅಲ್ವಾ ಅಜ್ಜಿ” ಎಂದಳು. ಅಜ್ಜಿ ತಲೆಯಲ್ಲಾಡಿಸಿದಳು. ಬೇರೆಯವರು ಬೇರೆ ಬೇರೆ ಹೆಸರು ಹೇಳಿ ನೋಡಿದರು. ಯಾವುದಕ್ಕೂ ಅಜ್ಜಿ ಒಪ್ಪಲಿಲ್ಲ. ಎಲ್ಲವನ್ನೂ ಮರೆತವಳು ಅದಲ್ಲ ಎಂಬುದನ್ನು ಮಾತ್ರ ಮರೆಯಲಿಲ್ಲ. ಇಡೀ ಕೇರಿಯ ಹೊಟ್ಟೆಯೊಳಗಿನ ಮಾತನ್ನೆಲ್ಲ ಕೇಳಿಕೊಂಡವಳನ್ನು, ನಿನ್ನದೇನು ಎಂದು ಅಷ್ಟು ವರ್ಷ ಯಾರೂ ಕೇಳಿರಲಿಲ್ಲವೆಂಬುದು ಆಗ ಜನಕ್ಕೆ ಹೊಳೆಯಿತು.

ಬಲ್ಲವಳು ಚೌಡಕ್ಕನೊಬ್ಬಳೇ. ಅವಳು ಬಾಯಿ ಬಿಡಲಿಲ್ಲ. ಅದಕ್ಕೂ ಕಾರಣವಿತ್ತು. ಅವಳ ಮಗಳು ಮಾದೇವಿ ಬಾಣಂತನಕ್ಕೆ ಬಂದಿದ್ದಳು, ಹಸುಗೂಸು ತೊಟ್ಟಿಲಲ್ಲಿತ್ತು. ಹೆಸರಿಡುವ ಮುಂಚೆ ಹೋದ ಮಗುವನ್ನು ಹೆಸರು ಹಿಡಿದು ಕರೆದರೆ ಅದು ಹಸಿದು ಬರುತ್ತದೆ, ಬಾಣಂತಿಯ ಹಾಲಿಗೆ ಬಾಯಿ ಹಾಕುತ್ತದೆ, ತೊಟ್ಟಿಲಲ್ಲಿರುವ ಕೂಸು ಸೊರಗುತ್ತದೆ ಎಂಬುದು ಆಗಿನವರ ನಂಬಿಕೆ. ಆ ಹೆಸರನ್ನು ಬೇರೆ ಮಗುವಿಗೆ ಇಡುವಂತೆಯೂ ಇಲ್ಲ. ಅಜ್ಜಿಯ ಕಣ್ಣು ತಪ್ಪಿಸಲು ಚೌಡಕ್ಕ ಪಕ್ಕದ ಕೇರಿಯಿಂದ ಕೆಂಡ ತರತೊಡಗಿದಳು. ಸುತ್ತಿ ಬರುವಷ್ಟರಲ್ಲಿ ಕೆಂಡ ಬೂದಿಯಾಗುತ್ತಿತ್ತು. ಮನೆಯಲ್ಲಿ ಒಲೆ ಹೊತ್ತದೆ, ಬಾಣಂತಿಗೆ ಬಿಸಿನೀರಿಲ್ಲದೆ, ಒಂದು ದಿನ ಮಾದೇವಿ ಯಾಕೆ ಹೀಗೆಂದು ಕೇಳಿಯೇಬಿಟ್ಟಳು. ಚೌಡಕ್ಕ ತಡೆಯಲಾರದೆ ಎಲ್ಲವನ್ನೂ ಹೇಳಿ, ತಲೆಯ ಮೇಲೆ ಕೈ ಹೊತ್ತು ಕೂತಳು. ತನ್ನ ಮೊಮ್ಮಗನ ಮೇಲಿನ ಆಸೆ ಒಂದು ಕಡೆ, ಅಳುತ್ತಿದ್ದ ತನ್ನ ಮುಖ ಒರೆಸಿದ ಸೆರಗು ಇನ್ನೊಂದು ಕಡೆ. ಮಾದೇವಿ ಮಗುವನ್ನು ಎದೆಯಿಂದ ಬಿಡಿಸದೆಯೇ ಅಂದಳಂತೆ: “ಬಂದ್ರೆ ಬರ್ಲಿ ಬಿಡವ್ವಾ. ನನ್ ತಾವ ಹಾಲಿಗೇನು ಬರ ಬಂದೈತಾ? ಅದೂ ಕುಡ್ಕೊಂಡು ಹೋಗ್ಲಿ.”

ತಾಯಿ ಮಗಳು ಇಬ್ಬರೂ, ಕೂಸನ್ನೂ ಎತ್ತಿಕೊಂಡು, ಹಾಡುಹಗಲಲ್ಲೇ ಜಗಲಿಗೆ ಹೋದರು. ಅಜ್ಜಿ ಎಂದಿನಂತೆ ಕೇಳಿದಳು. ಚೌಡಕ್ಕ ಅವಳ ಕಿವಿಗೆ ಬಾಗಿ, “ಸಿಂಗಣ್ಣ ಕಣಜ್ಜಿ. ನಿಮ್ಮಪ್ಪನ್ ಹೆಸ್ರು” ಎಂದಳು. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು, ನಗುತ್ತ ನಗುತ್ತ ಅತ್ತಳು, ಒಲೆಯ ಕಡೆ ತಿರುಗಿ ಆ ಹೆಸರು ಹೇಳಿ ಊದಿದಳು. ನೋಡಿದವರ ಕಣ್ಣಲ್ಲೆಲ್ಲ ನೀರು. ತೊಟ್ಟಿಲ ಕೂಸು ಸೊರಗಲಿಲ್ಲ, ಅದರ ಮೈ ಇನ್ನೂ ತುಂಬಿಕೊಂಡಿತು ಎನ್ನುತ್ತಾರೆ.

ಆದರೆ ಮರೆವಿಗೆ ದಯೆಯೆಲ್ಲಿ? ಸಂಜೆಯ ಹೊತ್ತಿಗೆ ಅಜ್ಜಿ ಮತ್ತೆ ಸೆರಗು ಹಿಡಿದಳು. ಮರುದಿನವೂ ಹಿಡಿದಳು. ಚೌಡಕ್ಕ ಹೇಳುತ್ತ ಹೋದಳು, ಅಜ್ಜಿ ಕಳೆದುಕೊಳ್ಳುತ್ತ ಹೋದಳು. ಒಂದು ಸಂತೆಯ ದಿನ ನೂಲಿನ ಗಾಡಿಯವನು ಜಗಲಿಯ ಮುಂದೆ ಎತ್ತು ನಿಲ್ಲಿಸಿ ಇದು ಯಾವ ಕೇರಿ ಎಂದು ಕೇಳಿದ. ಅಜ್ಜಿ ಆಗತಾನೇ ಮಗನ ಹೆಸರಿಗಾಗಿ ಬಾಯಿ ತೆರೆದಿದ್ದಳು. ಚೌಡಕ್ಕನಿಗೆ ಏನನ್ನಿಸಿತೋ, ಗಾಡಿಯವನಿಗೆ ಉತ್ತರ ಕೊಡುವ ನೆಪದಲ್ಲಿ ಅಜ್ಜಿಗೂ ಕೇಳಿಸುವಂತೆ ಹೇಳಿದಳು: “ಸಿಂಗಣ್ಣನ ಕೇರಿ ಕಣಪ್ಪಾ ಇದು.” ಅಜ್ಜಿ ಪ್ರಶ್ನೆ ಕೇಳಲೇ ಇಲ್ಲ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಮಗುವಿಗೆ ಇಡಬಾರದ ಹೆಸರನ್ನು ಬೀದಿಗೆ ಇಡಬಾರದೆಂದು ಯಾರೂ ಹೇಳಿರಲಿಲ್ಲವಲ್ಲ! ಅಂದಿನಿಂದ ಕೇರಿಯ ಹೆಂಗಸರೆಲ್ಲ ಟೊಂಕ ಕಟ್ಟಿ ನಿಂತರು. ಬಳೆಯವನಿಗೆ, ಮೊಸರಿನವಳಿಗೆ, ದಾರಿ ತಪ್ಪಿದ ನೆಂಟರಿಗೆ, ಎಲ್ಲರಿಗೂ ಸಿಂಗಣ್ಣನ ಕೇರಿಯೆಂದೇ ಹೇಳಿದರು. ಪೇಟೆಯೇ ಆ ಹೆಸರು ಹಿಡಿಯಿತು. ಬೆಳಗಿನಿಂದ ಸಂಜೆಯವರೆಗೆ ಯಾರೋ ಒಬ್ಬರು ಜಗಲಿಯ ಮುಂದೆ ಅದನ್ನು ಕೂಗುತ್ತಲೇ ಇದ್ದರು. ಅಜ್ಜಿಗೆ ಅದೊಂದೇ ತೊಂದರೆಯಾಯಿತು. ತುಟಿಯ ಮೇಲೆ ಬೆರಳಿಟ್ಟು ಗದರುತ್ತಿದ್ದಳಂತೆ: “ಮೆಲ್ಲಗೆ ಕಣ್ರಪ್ಪಾ, ಈಗಿನ್ನೂ ಮಲಗವ್ನೆ.” ಹಾಗೆ ಗದರುತ್ತಲೇ ಒಂದು ದಿನ ಅವಳೂ ಕಣ್ಣು ಮುಚ್ಚಿದಳು.

ಇಂದು ಆ ಭಾನುವಾರ ಬಂದವರು ನೋಡುವುದು ಇಷ್ಟು. ಜಮಖಾನದ ಮೇಲೆ ಜನ, ಕಡಲೆಪುರಿಯ ಪೊಟ್ಟಣ, ಕಿರುಚುವ ಮೈಕು, ಮೈಕಿಗಿಂತ ಜೋರಾಗಿ ಕಿರುಚುವ ಮಕ್ಕಳು. ಎಲ್ಲರ ಮನೆಯ ಕಥೆ ಮುಗಿದ ಮೇಲೆ ಕೇರಿಯ ಹಿರಿಯ ಹೆಂಗಸು ಎದ್ದು ಅಜ್ಜಿಯ ಕಥೆ ಹೇಳುತ್ತಾಳೆ. ಚೌಡಕ್ಕ ಅಜ್ಜಿಯ ಕಿವಿಗೆ ಬಾಗಿದ ಜಾಗ ಬರುತ್ತಿದ್ದಂತೆ ಅವಳು ಮೈಕನ್ನು ಪಕ್ಕಕ್ಕೆ ಇಡುತ್ತಾಳೆ. ಯಾರೂ ಹೇಳಬೇಕಾಗಿಲ್ಲ, ಮಕ್ಕಳೂ ಸುಮ್ಮನಾಗುತ್ತಾರೆ. ಕೂಸನ್ನು ಮಲಗಿಸುವಾಗಿನ ದನಿಯಲ್ಲಿ ಅವಳು ಹೆಸರನ್ನು ಹೇಳುತ್ತಾಳೆ. ಕಾಲೇಜಿನ ಹುಡುಗರ ಮೊಬೈಲಿಗೆ ಅದು ಇದುವರೆಗೆ ಸಿಕ್ಕಿಲ್ಲ. ಇನ್ನೊಂದು ಸಲ ಸ್ವಲ್ಪ ಜೋರಾಗಿ ಹೇಳಿ ಎಂದು ಅವರು ಕೇಳಿದರೆ, ಜಮಖಾನದ ಮೇಲೆ ಕೂತವರೆಲ್ಲ ತುಟಿಯ ಮೇಲೆ ಬೆರಳಿಡುತ್ತಾರೆ.