ಮಂಡಕ್ಕಿ ಭಟ್ಟಿಯ ಪ್ರಬಂಧ

ದಾವಣಗೆರೆಯ ಒಬ್ಬ ಕಾಲೇಜು ಹುಡುಗಿ ಸಂಶೋಧನಾ ಪ್ರಬಂಧಕ್ಕೆ ತನ್ನ ಅವ್ವ ದುಡಿಯುವ ಮಂಡಕ್ಕಿ ಭಟ್ಟಿಯನ್ನು ಆರಿಸಿಕೊಂಡಳು.

"ಮಂಡಕ್ಕಿನಾ? ನನ್ನ ಘನತೆಗೆ ತಕ್ಕದ್ದು ತಾ. ಜಗತ್ತಿನ ಆಹಾರದ ಇತಿಹಾಸ ಬರಿ," ಎಂದರು ಗೈಡ್ ರುದ್ರಮುನಿ ಸರ್. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಅವರಿಗೆ ಆ ಘನತೆ ನೆನಪಾಗುತ್ತಿರಲಿಲ್ಲ. ಆದರೆ ಅವರ ಸಹಿ ಇಲ್ಲದೆ ಪದವಿ ಇಲ್ಲ.

ಮರುದಿನ ಹುಡುಗಿ ರೂಪುರೇಷೆ ತಂದಳು. ಮೊದಲ ಅಧ್ಯಾಯ ಆದಿಮಾನವನ ಗೆಡ್ಡೆಗೆಣಸು, ಕೊನೆಯದು ಮಂಡಕ್ಕಿ ಭಟ್ಟಿ. ನಡುವೆ ದೇಶಕ್ಕೊಂದು ಅಧ್ಯಾಯ.

"ಪ್ರತಿ ಭಾನುವಾರ ನಿಮ್ಮ ಮನೆಗೇ ಬಂದು ಒಂದೊಂದು ಓದಿ ಹೇಳ್ತೀನಿ ಸರ್. ಮಂಡಕ್ಕಿ ಮುಟ್ಟೋ ಹೊತ್ತಿಗೆ ನೀವು ರಿಟೈರ್ ಆಗಿರ್ತೀರಿ. ಆದ್ರೂ ನಾನು ಬರೋದು ತಪ್ಪಿಸಲ್ಲ."

ಸರ್ ಕನ್ನಡಕ ಒರೆಸಿಕೊಂಡರು. ಆದಿಮಾನವನಿಂದ ಹಿಡಿದು ಎಲ್ಲವನ್ನೂ ಹೊಡೆದುಹಾಕಿ, ಕೊನೆಗೆ ಉಳಿದ ಮಂಡಕ್ಕಿ ಭಟ್ಟಿಯ ಸಾಲಿನ ಕೆಳಗೆ ಸಹಿ ಮಾಡಿದರು.

"ವಿಷಯ ಚಿಕ್ಕದಿರಬೇಕು ಅಂತ ನಾನು ಮೊದಲೇ ಹೇಳಿರಲಿಲ್ವಾ?"

"ನೀವು ಹೇಳಿದ್ದಕ್ಕೇ ತಿಳೀತು ಸರ್," ಎಂದ ಹುಡುಗಿ, ಸಹಿಯನ್ನು ಅವ್ವನಿಗೆ ತೋರಿಸಲು ಭಟ್ಟಿಯ ಕಡೆ ಓಡಿದಳು.