ಅರ್ಧ ಕಂಬದ ಬಾವುಟ

"ಗುರುಗಳೇ, ಉತ್ತರ ಎಂದರೆ ಹೌದು, ಇಲ್ಲವೇ ಅಲ್ಲ. ಮೂರನೆಯದೊಂದು ಯಾಕೆ ಬೇಕು?" ಎಂದು ಶಿಷ್ಯ ಕೇಳಿದ.

ಅವನು ಸಿಡುಕುವುದಕ್ಕೆ ಕಾರಣವಿತ್ತು. ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೆಯ ಲೆಕ್ಕದ ಲೈಬ್ರರಿಯೊಂದನ್ನು, ಎಂದರೆ ಲೆಕ್ಕ ಮಾಡಿಕೊಡುವ ಫಂಕ್ಷನ್‌ಗಳ ಕಟ್ಟೊಂದನ್ನು, ಹೊಸದು ಮಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಅದನ್ನು ಬರೆದ ಕಾಲಕ್ಕೆ ಹೌದು, ಅಲ್ಲ ಎನ್ನುವುದನ್ನೂ ಅಂಕಿಯಲ್ಲೇ ಹೇಳಬೇಕಿತ್ತು. ಸೊನ್ನೆಯಾದರೆ ಅಲ್ಲ, ಮಿಕ್ಕಿದ್ದೆಲ್ಲ ಹೌದು. ಈಗ ಅದಕ್ಕೆಂದೇ ಬೂಲಿಯನ್ ಎಂಬ ಬಗೆ ಬಂದಿದೆ; ಅದಕ್ಕೆ ಹೌದು, ಅಲ್ಲ ಎಂಬ ಎರಡೇ ಬೆಲೆ. ಶಿಷ್ಯ ಒಂದೊಂದೇ ಫಂಕ್ಷನ್ನಿನ ಉತ್ತರವನ್ನು ಬೂಲಿಯನ್ ಮಾಡುತ್ತ ಬಂದ. ಒಂದು ಫಂಕ್ಷನ್ ಮಾತ್ರ ಹಟ ಹಿಡಿಯಿತು. ಈ ಸಂಖ್ಯೆ ಅವಿಭಾಜ್ಯವೇ ಎಂದು ಕೇಳಿದರೆ, ಅಲ್ಲದ್ದಕ್ಕೆ ಸೊನ್ನೆ, ಖಂಡಿತ ಹೌದಾದರೆ ಎರಡು, ಇರಬಹುದು ಎನ್ನುವುದಕ್ಕೆ ಒಂದು ಕೊಡುತ್ತಿತ್ತು. ಆ ಉತ್ತರವನ್ನು ನಂಬಿ ಎಷ್ಟೋ ಜನ ಅಂಥ ಸಂಖ್ಯೆಗಳಿಂದಲೇ ತಮ್ಮ ಗುಟ್ಟುಗಳಿಗೆ ಬೀಗ ಮಾಡಿಕೊಳ್ಳುತ್ತಿದ್ದರು.

"ಇರಬಹುದು ಎನ್ನುವುದನ್ನೂ ಹೌದಿಗೇ ಸೇರಿಸಿಬಿಡುತ್ತೇನೆ. ಹಳಬರು ಮಾಡಿಟ್ಟದ್ದಕ್ಕೆಲ್ಲ ಅಡ್ಡಬೀಳುವುದು ನನ್ನಿಂದಾಗದು."

"ಅಡ್ಡಬೀಳಬೇಡಪ್ಪ, ಕೂತುಕೋ," ಎಂದು ಗುರುಗಳು ಕತೆ ತೆಗೆದರು.

ಒಂದು ಹೊಳೆ. ಹೊಳೆ ದಾಟಲು ಹರಿಗೋಲು. ಹರಿಗೋಲು ಬಿಡಬಹುದೇ ಬೇಡವೇ ಎಂದು ಹೇಳುವವಳು ಅಂಬಿಗರ ಒಬ್ಬ ಮುದುಕಿ. ಬೆಳಗಾದರೆ ಅವಳು ನೀರಿಗಿಳಿದು ಸೆಳೆತ ನೋಡುವಳು. ಆಮೇಲೆ ದಿಬ್ಬ ಹತ್ತಿ ಊರ ಕಡೆಗೆ ಕೈಯೆತ್ತುವಳು. ಮುಷ್ಟಿ ಕಟ್ಟಿದರೆ ಬರಬೇಡಿ. ಎರಡು ಬೆರಳಾದರೆ ಧಾರಾಳವಾಗಿ ಬನ್ನಿ. ಒಂದೇ ಬೆರಳಾದರೆ, ನನಗೂ ತಿಳಿಯುತ್ತಿಲ್ಲ, ನೋಡಿಕೊಂಡು ಬನ್ನಿ. ಒಂದು ಬೆರಳು ಕಂಡ ದಿನ ಕೂಸಿನ ತಾಯಂದಿರು ಮನೆಗೆ ಮರಳುವರು, ಈಜು ಬಲ್ಲವರು ಮಾತ್ರ ಹರಿಗೋಲು ಹತ್ತುವರು.

ಒಬ್ಬ ವರ್ತಕ ಹೊಳೆ ದಾಟಿಸುವ ಆ ಕಡವನ್ನು ಗುತ್ತಿಗೆ ಹಿಡಿದ. ಮಂಜಿನಲ್ಲಿ ಬೆರಳು ಒಂದೋ ಎರಡೋ ಕಾಣುವುದಿಲ್ಲ ಎಂದು ದಿಬ್ಬದ ಮೇಲೆ ಕಂಬ ನೆಡಿಸಿ ಬಾವುಟ ಕಟ್ಟಿಸಿದ. ಏರಿದ್ದರೆ ಬನ್ನಿ, ಇಳಿದಿದ್ದರೆ ಬೇಡ. ಮಂಜಿನ ವಿಷಯ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮುದುಕಿಗೂ ಅದು ಹಿಡಿಸಿತು, ಕೈ ಸೋಲುವುದು ತಪ್ಪಿತು. ಆದರೂ ತಿಳಿಯದ ದಿನಕ್ಕೆಂದು ಇನ್ನೊಂದು ಬಾವುಟ ಕೇಳಿದಳು. ತಿಳಿಯದಿದ್ದರೆ ಏರಿಸು, ಕಡವು ನಡೆಯಬೇಕು ಎಂದು ವರ್ತಕ ಕೈ ಬೀಸಿಬಿಟ್ಟ.

ತಿಳಿಯದ ದಿನ ಬಂದೇ ಬಂತು. ಮುದುಕಿ ನೀರಿಗಿಳಿದಳು, ಮೇಲೆ ಬಂದಳು, ಮತ್ತೆ ಇಳಿದಳು. ಹೊಳೆ ಏನೂ ಹೇಳಲಿಲ್ಲ. ಅವಳು ಬಾವುಟದ ತಂಟೆಗೆ ಹೋಗದೆ ಕಂಬದ ಪಕ್ಕ ಒಂದು ಬೆರಳೆತ್ತಿ ನಿಂತಳು. ಜನ ದಡದಲ್ಲೇ ಕೂತರು. ವರ್ತಕ ಏದುಸಿರು ಬಿಡುತ್ತ ಓಡಿಬಂದ. ಗಂಡನ ಮನೆಗೆ ಹೊರಟಿದ್ದ ಅವನ ಮಗಳೂ ಕೂಸನ್ನೆತ್ತಿಕೊಂಡು ಹಿಂದೆಯೇ ಬಂದಳು.

"ಏರಿಸೇ ಮುದುಕಿ! ಇಲ್ಲದಿದ್ದರೆ ನಾಳೆಯಿಂದ ಈ ದಡಕ್ಕೆ ಕಾಲಿಡಬೇಡ."

ಆ ದಡ ಬಿಟ್ಟರೆ ಅವಳ ಹೊಟ್ಟೆಗೆ ಬೇರೆ ದಾರಿ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮುದುಕಿ ಬೆರಳು ಮಡಿಸಲಿಲ್ಲ.

"ನಾಳೆ ಕಾಲಿಡೋದಿಲ್ಲ ಧಣಿ, ಇವತ್ತು ಏರಿಸೋದೂ ಇಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಕಂಬಕ್ಕೆ ಕಟ್ಟೋಳು ನಾನಲ್ಲ. ತಗೊಳ್ಳಿ ಹಗ್ಗ, ನೀವೇ ಏರಿಸಿ. ನಿಮ್ಮ ಮಗಳು, ಮೊಮ್ಮಗು ಮೊದಲನೇ ಹರಿಗೋಲು ಹತ್ತಲಿ."

ವರ್ತಕ ಹಗ್ಗ ಕಿತ್ತುಕೊಂಡ. ಜಗ್ಗಿದ. ಹೊಳೆ ನೋಡಿದ. ಕೂಸನ್ನು ನೋಡಿದ. ಬಾವುಟ ಅರ್ಧ ಕಂಬಕ್ಕೆ ಏರಿ ಅಲ್ಲೇ ನಿಂತಿತು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ?" ಶಿಷ್ಯ ಮುಂದಕ್ಕೆ ಬಾಗಿದ. "ಏರಿಸಿದನೋ, ಇಳಿಸಿದನೋ?"

"ಅದಿರಲಿ ಮಗು, ಅರ್ಧಕ್ಕೆ ನಿಂತ ಆ ಬಾವುಟವನ್ನು ನಿನ್ನ ಎರಡು ಬೆಲೆಗಳಲ್ಲಿ ಯಾವುದಕ್ಕೆ ಸೇರಿಸುತ್ತೀ?"