ಬೆಟ್ಟ ಇಳಿದು ಬಂದ ಕೆಂಪು

ಒಂದಾನೊಂದು ಕಾಲ ಕಣೇ ಕೂಸೇ, ನಮ್ಮ ಬೀದೀಲಿ ನಲ್ಲಿನೂ ಇರಲಿಲ್ಲ, ನಲ್ಲಿ ಹತ್ರ ಜಗಳಾನೂ ಇರಲಿಲ್ಲ, ಅಂಥಾ ಕಾಲದಲ್ಲಿ ಸಮುದ್ರದಾಚೆ ಜಪಾನು ದೇಶದಲ್ಲಿ ಒಂದು ಬೆಟ್ಟ ಇತ್ತಂತೆ. ಬೆಟ್ಟದ ತುಂಬಾ ಮೊಮಿಜಿ ಅಂತ ಒಂದು ಜಾತಿ ಮರ. ಅದರ ಎಲೆ ಥೇಟ್ ನಿನ್ನ ಅಂಗೈ ಹಂಗೇ, ಪುಟಾಣಿ, ಬೆರಳು ಬಿಟ್ಕೊಂಡು. ಚಳಿಗಾಲಕ್ಕೆ ಮುಂಚೆ ಆ ಎಲೆ ಹಸಿರು ಬಿಟ್ಟು ಕೆಂಪಾಗತ್ತಂತೆ, ಕುಂಕುಮಾನೂ ನಾಚ್ಕೋಬೇಕು. ಅದನ್ನ ನೋಡೋಕೆ ಹೋಗೋದಕ್ಕೆ ಅಲ್ಲಿಯವರು ಎಲೆ ಬೇಟೆ ಅಂತಾರಂತೆ. ಬಿಲ್ಲಿಲ್ಲ ಬಾಣ ಇಲ್ಲ, ಬರೀ ಕಣ್ಣಲ್ಲೇ ಬೇಟೆ.

ಆ ಬೆಟ್ಟದ ಬುಡದಲ್ಲಿ ತಾಕಿ ಅಂತ ಒಬ್ಬಳು ಗಂಡ ಸತ್ತೋಳು ಟೀ ಅಂಗಡಿ ಇಟ್ಕೊಂಡಿದ್ಲಂತೆ. ಅವಳಿಗೆ ಮೂರು ಜನ ಹೆಣ್ಣುಮಕ್ಕಳು, ಶಿನೊ, ಫುಮಿ, ಸುಯೆ. ಬೆಟ್ಟದಿಂದ ಒಂದು ಒರತೆ ಇಳಿದು ಬರ್ತಿತ್ತು, ಆ ನೀರಲ್ಲೇ ಇವಳ ಟೀ, ಆ ನೀರಲ್ಲೇ ಇಡೀ ಊರಿನ ಗದ್ದೆ.

ಒಂದು ವರ್ಷ ಆ ಸೀಮೆ ದೊರೆ ಎಲೆ ಬೇಟೆಗೆ ಅಂತ ಬಂದ್ನಂತೆ. ದಿನ ಗೊತ್ತು ಮಾಡಿದ್ದು ಅವನ ಜೋಯಿಸ, ಎಲೆನ ಯಾರು ಕೇಳ್ತಾರೆ! ಪಲ್ಲಕ್ಕೀಲಿ ಬಂದ, ಬುಡದಲ್ಲೇ ಚಾಪೆ ಹಾಸಿದ್ರು, ಕೂತ, ತಲೆ ಎತ್ತಿ ನೋಡಿದ್ರೆ ಎಲ್ಲಾ ಹಸಿರು. ದೊರೆಗೆ ಭಾರೀ ಅವಮಾನ ಆಗ್ಹೋಯ್ತಂತೆ. ಬರೋ ವರ್ಷ ಇದೇ ದಿನ ಬರ್ತೀನಿ, ಆಗ್ಲೂ ಕೆಂಪಾಗಿಲ್ಲ ಅಂದ್ರೆ ಇಡೀ ಬೆಟ್ಟ ಕಡಿಸಿ ಇದ್ದಿಲು ಸುಡಿಸ್ತೀನಿ ಅಂದ್ಬಿಟ್ನಂತೆ. ಮರ ಹೋದ್ರೆ ಒರತೆ ಹೋಯ್ತು, ಒರತೆ ಹೋದ್ರೆ ಊರು ಹೋಯ್ತು. ಇಷ್ಟು ಮಂತ್ರಿಗೂ ಗೊತ್ತಿತ್ತು, ಊರಿನ ಯಜಮಾನನಿಗೂ ಗೊತ್ತಿತ್ತು, ಒಬ್ಬನಾದ್ರೂ ಬಾಯಿ ಬಿಡಬೇಕಲ್ಲ. ಈ ಗಂಡಸರು ಮೀಸೆ ಬಿಡೋದೇ ಬಾಯಿ ಮುಚ್ಕೊಳ್ಳೋಕೆ ಇರಬೇಕು.

ಆಮೇಲೆ ಮಾರನೇ ವರ್ಷ, ದೊರೆ ಬರೋಕೆ ಇನ್ನು ಎರಡೇ ದಿನ ಇದೆ, ಬುಡದಲ್ಲಿ ಒಂದೇ ಒಂದು ಎಲೆ ಕೆಂಪಾಗಿಲ್ಲ. ತಾಕಿಗೆ ಅನ್ನ ಸೇರ್ತಿಲ್ಲ. ದೊಡ್ಡ ಮಗಳು ಶಿನೊ ಏನ್ ಮಾಡಿದ್ಲು, ತನ್ನ ಮದುವೆಗೆ ಅಂತ ಇಟ್ಟಿದ್ದ ಕೆಂಪು ರೇಷ್ಮೆನ ಎಲೆ ಎಲೆಯಾಗಿ ಕತ್ತರಿಸಿ ಕೊಂಬೆಗೆಲ್ಲಾ ಕಟ್ಟಿದ್ಲಂತೆ. ಮಳೆ ಬಂತು ನೋಡು, ಬಣ್ಣ ಎಲ್ಲಾ ಸೋರಿ, ಬೆಳಿಗ್ಗೆ ಮರದ ಕೆಳಗೆ ಕೋಳಿ ಕುಯ್ದಂಗಿತ್ತಂತೆ. ಆಮೇಲೆ ಎರಡನೆಯವಳು ಫುಮಿ, ಇವಳು ಸ್ವಲ್ಪ ಬುದ್ಧಿವಂತೆ, ಚಳಿಗೆ ತಾನೇ ಎಲೆ ಕೆಂಪಾಗೋದು ಅಂತ ಒರತೆಯಿಂದ ತಣ್ಣೀರು ಹೊತ್ತು ಹೊತ್ತು ಮರದ ಮೇಲೆ ಎರಚಿ, ಹಗಲೆಲ್ಲಾ ಬೀಸಣಿಗೇಲಿ ಬೀಸಿದ್ಲಂತೆ. ಕೆಂಪಾಗಿದ್ದು ಅವಳ ಮೂಗು ಒಂದೇ.

ಮೂರನೆಯವಳು ಸುಯೆ ಏನೂ ಮಾಡಲಿಲ್ಲವಂತೆ. ದಿನಾ ಹಂಗೇ ಬುಟ್ಟಿ ತಗೊಂಡು ಅಣಬೆ ಕೀಳೋಕೆ ಬೆಟ್ಟ ಹತ್ತಿದ್ಲು, ಬಂದ್ಲು. ತಾಕಿ ಉರಿದುಬಿದ್ದು, ಅಕ್ಕಂದ್ರು ಒದ್ದಾಡ್ತಿದ್ದಾರೆ, ನಿನಗೆ ಅಣಬೆ ಚಿಂತೆನೇನೇ ಮೂದೇವಿ ಅಂತ ಬೈದ್ಲಂತೆ. ಅಮ್ಮಾ, ಕೆಂಪು ಆಗ್ಲೇ ಬಂದಿದೆ, ಮೇಲಿದೆ, ತುದೀಲಿ ಶುರುವಾಗಿ ದಿನಕ್ಕೆ ಇಷ್ಟಿಷ್ಟೇ ಕೆಳಗಿಳಿಯತ್ತೆ, ನಾನು ಪ್ರತಿ ವರ್ಷ ನೋಡ್ತೀನಲ್ಲ ಅಂದ್ಲು ಸುಯೆ. ಅದನ್ನ ದೊರೆಗೆ ಹೇಳೋಕೆ ಯಾರಿಗಿದ್ಯೇ ಎರಡು ತಲೆ ಅಂದ್ಲಂತೆ ತಾಕಿ.

ಆಮೇಲೆ ದೊರೆ ಬಂದೇ ಬಂದ. ಪಲ್ಲಕ್ಕಿ ಹಿಂದೆ ಕೊಡಲಿ ಹಿಡ್ಕೊಂಡು ನೂರು ಜನ. ಊರಿಗೆ ಊರೇ ನೆಲಕ್ಕೆ ಹಣೆ ಹಚ್ಚಿ ಬಿದ್ದಿದೆ. ಪರದೆ ಸರಿಸಿ ನೋಡಿದ, ಹಸಿರು. ಕಡೀರಿ ಅನ್ನೋಕೆ ಕೈ ಎತ್ತಿದ್ನಂತೆ, ಅಷ್ಟರಲ್ಲಿ ಸುಯೆ ಎದ್ದು ನಿಂತ್ಲು. ಸ್ವಾಮಿ, ಬೇಟೆ ಅಂತೀರಿ, ಜಿಂಕೆ ತಾನಾಗೇ ಬಂದು ಪಲ್ಲಕ್ಕಿ ಮುಂದೆ ಮಲಕ್ಕೊಳ್ಳತ್ತಾ? ಕೆಂಪು ಮೇಲಿದೆ, ಕಾಲಿದ್ರೆ ಬನ್ನಿ ಅಂದ್ಲಂತೆ. ಮಂತ್ರಿ ಕತ್ತಿ ಎಳೆದ. ದೊರೆ ತಡಿ ಅಂದು, ಪಲ್ಲಕ್ಕಿ ಹೋಗತ್ತಾ ಅಂತ ಕೇಳಿದ್ನಂತೆ. ಇಲ್ಲ ಸ್ವಾಮಿ, ಅಲ್ಲಿ ಒಂದು ಪಾದದಷ್ಟೇ ದಾರಿ ಅಂದ್ಲು. ಸುಳ್ಳಾದ್ರೆ ಬೆಟ್ಟದ ಜೊತೆ ನಿನ್ನ ತಲೇನೂ ಹೋಗತ್ತೆ ಅಂತ ಹೇಳಿ ದೊರೆ ಇಳಿದ್ನಂತೆ. ಆ ಕಾಲು ನೋಡಬೇಕಿತ್ತಂತೆ ಕೂಸೇ, ಬಿಸಿಲೇ ಕಾಣದ ಮೂಲಂಗಿ!

ಹ್ಞೂಂ ಅಂತಿರು, ಇಲ್ದಿದ್ರೆ ನಿಲ್ಲಿಸಿಬಿಡ್ತೀನಿ.

ಹತ್ತಿದ್ರು. ಮಂತ್ರಿ ಅರ್ಧ ದಾರೀಲಿ ಮಂಡಿ ನೋವು ಅಂತ ವಾಪಸ್ಸು. ದೊರೆ ಏದುಸಿರು ಬಿಟ್ಕೊಂಡು, ಸುಯೆನ ಬೈಕೊಂಡು ಹತ್ತಿದ. ಮೊದಲು ಹಳದಿ ಬಂತಂತೆ, ಬೈಯೋದು ಕಮ್ಮಿ ಆಯ್ತು. ಆಮೇಲೆ ಕಿತ್ತಳೆ ಬಂತಂತೆ, ಬೈಯೋದು ನಿಂತೋಯ್ತು. ಆಮೇಲೆ ಒಂದು ಬಂಡೆ ತಿರುಗಿದ್ರು ನೋಡು, ದೊರೆ ಹಂಗೇ ನಿಂತುಬಿಟ್ನಂತೆ.

ಬಿಸಿಲು ಎಲೆಗಳ ಆಚೆಯಿಂದ ಬೀಳ್ತಿತ್ತಂತೆ, ಒಂದೊಂದು ಎಲೆ ಒಳಗೂ ಯಾರೋ ದೀಪ ಹಚ್ಚಿಟ್ಟಂಗೆ. ತಲೆ ಮೇಲೆ ಕೆಂಪು, ಕಾಲ ಕೆಳಗೆ ಉದುರಿದ್ದೂ ಕೆಂಪು, ಹರಿಯೋ ನೀರೂ ಕೆಂಪು, ದೊರೆ ಹಾಕಿದ್ದ ಬಿಳೀ ಅಂಗೀನೂ ಕೆಂಪು. ಸದ್ದೇ ಇಲ್ಲವಂತೆ. ಅವನು ಕೈ ಚಾಚಿದ, ಒಂದು ಎಲೆ ತೇಲಿ ತೇಲಿ ಬಂದು ಅಂಗೈ ಮೇಲೆ ಕೂತ್ಕೊಂತಂತೆ, ತೂಕಾನೇ ಇಲ್ಲ. ಉಸಿರು ಬಿಡೋಕೂ ಭಯ ಅವನಿಗೆ, ಬಿಟ್ರೆ ಇಷ್ಟೂ ದೀಪ ಆರಿಹೋಗತ್ತೇನೋ ಅಂತ.

ಆಮೇಲೆ ದೊರೆ ಕೇಳಿದ್ನಂತೆ, ಹೋದ ವರ್ಷ ನಾನು ಕೆಳಗೆ ಕೂತು ಕಿರುಚಾಡ್ತಿದ್ದಾಗಲೂ ಇದು ಇಲ್ಲಿತ್ತಾ?

ಇತ್ತು ಸ್ವಾಮಿ.

ಮತ್ತೆ ಯಾರೂ ಯಾಕೆ ಹೇಳ್ಲಿಲ್ಲ?

ಈಗ ನಾನು ಹೇಳಿದ್ದಕ್ಕೇ ಕತ್ತಿ ಎಳೆದ್ರಲ್ಲ ಸ್ವಾಮಿ ಅಂದ್ಲಂತೆ ಸುಯೆ.

ದೊರೆ ತಲೆ ತಗ್ಗಿಸಿದ. ಇದು ಇಲ್ಲಿ ಎಷ್ಟು ದಿನ ಇರತ್ತೆ ಅಂದ. ನಾಳೆ ನಾಡಿದ್ದರಲ್ಲಿ ಉದುರತ್ತೆ, ಅಷ್ಟರಲ್ಲಿ ಇದಕ್ಕಿಂತ ಸ್ವಲ್ಪ ಕೆಳಗಿನ ಮರ ಕೆಂಪಾಗಿರತ್ತೆ ಅಂದ್ಲು. ಹಂಗಾದ್ರೆ ಇದರ ಜೊತೆಗೇ ಇಳೀತೀನಿ, ಒಂದು ಹೆಜ್ಜೆನೂ ಮುಂದೆ ಹೋಗಲ್ಲ ಅಂದ್ನಂತೆ. ಕೆಂಪು ಎಷ್ಟು ಇಳೀತೋ ಅಷ್ಟೇ ಇವನೂ ಇಳಿದ, ಸುಯೆ ಬೇಯಿಸಿ ಕೊಟ್ಟ ಅಣಬೆ ತಿಂದ, ಎಲೆ ಹಾಸ್ಕೊಂಡು ಮಲಗಿದ.

ಕೆಳಗೆ ತಾಕಿಗೆ ಇದೊಂದೂ ತಿಳೀದು. ಮಗಳು ಇದ್ದಾಳೋ ಇಲ್ವೋ, ಬೆಟ್ಟ ಇರತ್ತೋ ಹೋಗತ್ತೋ. ಎದುರಿಗೇ ನೂರು ಜನ ಕೂತು ಕೊಡಲಿ ಮಸೀತಿದ್ದಾರೆ, ಅವರಿಗೇ ಇವಳು ಟೀ ಕಾಯಿಸಿ ಕೊಡಬೇಕು. ಹಿಂಗೇ ಹದಿನಾಲ್ಕು ದಿನ ಕಳೀತಂತೆ.

ಹದಿನೈದನೇ ದಿನ ಬೆಳಿಗ್ಗೆ ಬಾಗಿಲು ತೆಗೀತಾಳೆ, ಅಂಗಡಿ ಮೇಲಿನ ಮರ ಧಗಧಗ ಕೆಂಪು! ಅದರ ಅಡಿಯಿಂದ ದೊರೆ ಬಂದ, ಬರಿಗಾಲು, ಹೊಟ್ಟೆ ಕರಗಿದೆ, ಗಡ್ಡದಲ್ಲಿ ಎಲೆ. ಹಿಂದೆ ಸುಯೆ, ತಲೆ ಭುಜದ ಮೇಲೇ ಇತ್ತು. ಮಂತ್ರಿ ಓಡಿ ಬಂದು, ಕಡಿಸ್ಲಾ ಪ್ರಭು ಅಂದ. ಕಡಿಸು ಅಂದ್ನಂತೆ ದೊರೆ. ತಾಕಿ ಓಡಿಹೋಗಿ ಮರ ತಬ್ಕೊಂಡ್ಲು. ಮರ ಅಲ್ಲಯ್ಯಾ, ಮಣ್ಣು ಕಡಿಸು, ಬುಡದಿಂದ ತುದಿ ತನಕ ಮೆಟ್ಟಿಲು ಕಡಿಸು, ಮುದುಕೀರು ಕೂಡ ಹತ್ತಬೇಕು, ಒಂದು ಎಲೆಗೆ ಪೆಟ್ಟಾದ್ರೆ ಮೊದಲು ನಿನ್ನ ಹತ್ರ ಬರ್ತೀನಿ ಅಂದ್ನಂತೆ.

ಆಮೇಲೆ ಒರತೆ ಹರೀತು, ಊರು ಉಳೀತು, ಶಿನೊಗೆ ಅರಮನೆಯಿಂದ ಹೊಸ ರೇಷ್ಮೆ ಬಂತು, ಮದುವೆನೂ ಆಯ್ತು. ಈಗಲೂ ಆ ದೇಶದ ಜನ ಕೆಂಪು ಎಲ್ಲಿಗೆ ಬಂತು ಅಂತ ಕೇಳ್ಕೊಂಡೇ ಹೊರಡ್ತಾರಂತೆ, ಮೊದಲು ಉತ್ತರದ ಹಿಮದ ದ್ವೀಪ, ಆಮೇಲೆ ನಿಕ್ಕೋ ಬೆಟ್ಟಗಳು, ಆಮೇಲೆ ಕ್ಯೋಟೋ ಊರಿನ ಗುಡಿಯಂಗಳ. ದೊರೆ ಮಾಡಿಸಿದ ಮೆಟ್ಟಿಲನ್ನ ಮೊದಲು ಹತ್ತಿದ್ದು ತಾಕಿ. ತುದೀಲಿ ನಿಂತು, ನೋಡಿ, ಏನೋ ಹೇಳೋಕೆ ಬಾಯಿ ತೆಗೆದೋಳು ಸಂಜೆ ತನಕ ಹಂಗೇ ನಿಂತಿದ್ಲಂತೆ.

ಕತೆನೂ ಇಳಿದು ಬುಡಕ್ಕೆ ಬಂತು, ಮುಗೀತು. ಕಾಲು ಒಳಗೆಳ್ಕೊಂಡು ಮಲಕ್ಕೋ.